ಗಳ್ಳಿಗೆ ಹುಳ ಹಚ್ಚಿದ ಅಳಿಯ

ನಗುವಂಥ ಸಂಗತಿ ಬೇಕೆಂದು ಹುಡುಕಿಕೊಂಡು ಹೋದವರಿಗೆ ಅದು ಸಿಗುವುದು ಕಡಿಮೆ. ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ತನ್ನ ಪಾಡಿಗೆ ತಾನು ಕೆಲಸಕ್ಕೆ ಹೊರಟವನ ಕಾಲಿಗೇ ಅದು ಬಂದು ತೊಡರುತ್ತದೆ. ನಾನು ಮೊದಲೇ ನಿಧಾನದ ಮನುಷ್ಯ. ಯಾರಾದರೂ ನನ್ನ ಚೇಷ್ಟೆ ಮಾಡಿದರೆ ಅದು ನನಗೆ ತಿಳಿಯುವಷ್ಟರಲ್ಲಿ ಅವರು ನಕ್ಕು ಮುಗಿಸಿ, ಮನೆಗೆ ಹೋಗಿ, ಕೈಕಾಲು ತೊಳೆದಿರುತ್ತಾರೆ. ಹೀಗಾಗಿ ಕೆಳಗಿನ ಸಂಗತಿಗಳಲ್ಲಿ ಎಲ್ಲರೂ ನಕ್ಕ ಮೇಲೆ ನಕ್ಕವನು ನಾನು.

ನೌಕರಿ ಸಿಕ್ಕಿದ್ದು

ಬೆಳಗಾವಿಯಲ್ಲಿ ಸ್ವರಾಜ್ಯದ ಚಳವಳಿಯವರ ಆ ದೊಡ್ಡ ಅಧಿವೇಶನ ನಡೆದು ಮೂರು ವರ್ಷವಾಗಿತ್ತು. ಆಗ ನಮ್ಮ ಕಡೆ ಡಬ್ಬಗಳ್ಳಿಯ ಕಾಟ ಹೇಳತೀರದು. ಕೆಲವರು ಪಾಪಾಸುಕಳ್ಳಿ ಎಂದು ಕರೆಯುವ, ಅಂಗೈಯಂಥ ದಪ್ಪ ಎಲೆಯ ಮೇಲೆ ಮತ್ತೊಂದು ಅಂಗೈ ಹುಟ್ಟಿಸುತ್ತ ಹೋಗುವ ಮುಳ್ಳಿನ ಗಿಡ ಅದು; ನಮ್ಮ ಬಾಯಲ್ಲಿ ಬರೀ ಗಳ್ಳಿ. ಯಾವ ಕಾಲದಲ್ಲೋ ಯಾರೋ ಬೇಲಿಗೆಂದು ಪರದೇಶದಿಂದ ತಂದು ನೆಟ್ಟರಂತೆ. ಅದು ಬೇಲಿ ದಾಟಿ ಹೊಲಕ್ಕೆ ಬಂತು, ಹೊಲ ದಾಟಿ ದನ ಮೇಯುವ ಗಾಯರಾಣಕ್ಕೆ ಬಂತು, ಅಲ್ಲಿಂದ ಊರ ಬಾಗಿಲಿಗೆ ಬಂದು ನಿಂತಿತು. ಕಡಿದರೆ ಕಡಿದ ತುಂಡು ಬಿದ್ದಲ್ಲೇ ಬೇರು ಬಿಡುತ್ತಿತ್ತು.

ಇದಕ್ಕೆ ಉಪಾಯವೆಂದು ಸರಕಾರದವರು ಸಿಂಹಳ ದ್ವೀಪದ ಕಡೆಯಿಂದ ಒಂದು ಹುಳ ತರಿಸಿದರು. ಎಳ್ಳಿಗಿಂತ ತುಸು ದೊಡ್ಡದು. ಮೈಮೇಲೆ ಅರಳೆಯಂಥ ಬಿಳಿ ಹೊದಿಕೆ ಹೊದ್ದು ಗಳ್ಳಿಯ ಎಲೆಗೆ ಅಂಟಿಕೊಂಡು ರಸ ಹೀರುತ್ತದೆ. ಹುಳ ಹತ್ತಿದ ಒಂದು ಎಲೆಯನ್ನು ತಂದು ಒಳ್ಳೆಯ ಗಿಡದ ಮೇಲೆ ಚುಚ್ಚಿಟ್ಟರೆ ಸಾಕು, ಹುಳ ಆ ಗಿಡಕ್ಕೆ ಹಬ್ಬುತ್ತದೆ. ಕೆಲವು ತಿಂಗಳಲ್ಲಿ ಗಿಡ ಬಾಡಿ, ಕೊಳೆತು, ನೆಲಕ್ಕೆ ಬೀಳುತ್ತದೆ. ಹೀಗೆ ಊರೂರಿಗೆ ಹುಳದ ಬುಟ್ಟಿ ಹೊತ್ತು ಹಚ್ಚಿ ಬರಲು ಬೆಳಗಾವಿಯ ಒಕ್ಕಲುತನದ ಕಚೇರಿಗೆ ಒಬ್ಬ ಹಂಗಾಮಿ ಮನುಷ್ಯ ಬೇಕಾಗಿತ್ತು. ನಾನು ಊರ ಸಾಲಿಯಲ್ಲಿ ಕಲಿತು ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದವನು. ಹೋಗಿ ನಿಂತೆ.

ಸಾಹೇಬರು ಪುಣೆಯ ಕಡೆಯವರು, ಕನ್ನಡ ಅಳೆದು ತೂಗಿ ಆಡುವವರು. ಹುಳ ಮುಟ್ಟಲು ಹೇಸಿಗೆ ಇದೆಯೇ ಎಂದು ಕೇಳಿದರು. ಹೇಸಿಗೆ ಇಲ್ಲ, ಆದರೆ ಜೀವಹಿಂಸೆ ನಮ್ಮ ಧರ್ಮದಲ್ಲಿ ಇಲ್ಲವೆಂದು ಇದ್ದದ್ದನ್ನು ಹೇಳಿದೆ. ಸಾಹೇಬರು ಗಾಬರಿಯಾಗಿ ಬಾಜು ನಿಂತ ಹಿರಿಯ ಕಾರಕೂನರ ಮುಖ ನೋಡಿದರು. ಕಾರಕೂನರು ನಮ್ಮ ಕಡೆಯವರೇ. ಅವರು ನನ್ನ ಹಣೆಯ ವಿಭೂತಿ ನೋಡಿ ಸಮಾಧಾನದಿಂದ ಹೇಳಿದರು.

"ನೀ ಯಾರನ್ನೂ ಕೊಲ್ಲೂದಿಲ್ಲೋ ಮಾರಾಯಾ. ಹಸದ ಜೀವಕ್ಕ ಉಣ್ಣಾಕ ಹಾಕಾಂವ ನೀ. ದಾಸೋಹ ಅನಕೋ."

ಹಾಗೆಂದ ಮೇಲೆ ನನಗೂ ಮನಸ್ಸು ಹಗುರಾಯಿತು. ಒಂದು ವರ್ಷ ಹಂಗಾಮಿ. ಬರುವ ದಸರೆಯ ನಂತರ ಸಾಹೇಬರೇ ಒಂದು ಊರಿಗೆ ಬಂದು ಕೆಲಸ ತಪಾಸಣೆ ಮಾಡಿ, ಫಲ ಕಂಡರೆ ಕಾಯಂ ಮಾಡುವುದೆಂದು ಠರಾವಾಯಿತು. ಆವತ್ತಿನಿಂದ ಕಚೇರಿಯಲ್ಲಿ ನನ್ನ ಹೆಸರು ಹೋಗಿ 'ದಾಸೋಹದವರು' ಎಂದಾಯಿತು. ಮಧ್ಯಾಹ್ನದ ಹೊತ್ತಿಗೆ ಹಸಿದ ಹೊಸಬರು ಯಾರಾದರೂ ಬಂದರೆ ಎಲ್ಲರೂ ನನ್ನ ಕಡೆ ಬೊಟ್ಟು ಮಾಡುತ್ತಿದ್ದರು.

ವಡಗಾವಿಯ ಕೆಂಪು

ಬೆಳಗಾವಿಗೆ ಹೊಂದಿದ ವಡಗಾವಿಯಲ್ಲಿ ಒಬ್ಬ ನೇಕಾರರ ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೆವು, ನಾನು ಮತ್ತು ನನ್ನ ಮನೆಯವಳು. ಹಗಲೆಲ್ಲ ಮಗ್ಗದ ಸಪ್ಪಳ. ಹುಳದ ಬುಟ್ಟಿಗಳನ್ನು ಕಟ್ಟೆಯ ಮೇಲೆ ಇಡುತ್ತಿದ್ದೆ.

ಈ ಹುಳಕ್ಕೆ ಒಂದು ಗುಣ. ಬೆರಳಿನಿಂದ ಹಿಸುಕಿದರೆ ರಕ್ತದಂಥ ಗಾಢ ಕೆಂಪು ಬಣ್ಣ ಬರುತ್ತದೆ. ಎಲೆ ಎತ್ತಿಡುವಾಗ ಗೊತ್ತಿಲ್ಲದೆ ಒಂದೆರಡು ಒಡೆದು ನನ್ನ ಬೆರಳೆಲ್ಲ ಕೆಂಪಾಗುತ್ತಿದ್ದವು. ಮನೆಯ ಯಜಮಾನರಾದ ನೇಕಾರರು ಅದನ್ನು ಎರಡು ದಿನ ಸುಮ್ಮನೆ ನೋಡಿದರು. ಮೂರನೆಯ ದಿನ ನನ್ನ ಕೈ ಹಿಡಿದು ಬೆಳಕಿಗೆ ತಿರುಗಿಸಿ, ಸೀರೆ ಕೊಳ್ಳುವವರು ಸೆರಗು ನೋಡುವಂತೆ ನೋಡಿದರು. ಇಂಥ ಕೆಂಪು ಅಂಗಡಿಯಲ್ಲಿ ಸಿಗುವುದಿಲ್ಲವೆಂದರು. ಅದು ಸರಕಾರದ ಮಾಲು, ಮುಟ್ಟಬೇಡಿರೆಂದೆ. ಛೇ ಛೇ, ನಾನ್ಯಾಕೆ ಮುಟ್ಟಲಿ ಎಂದರು. ಆ ವಾರ ಬುಟ್ಟಿಯಲ್ಲಿ ಹುಳ ತೆಳ್ಳಗಾದದ್ದು ಚಳಿಗೆ ಎಂದೇ ನಾನು ನಂಬಿದ್ದೆ.

ಹುಣ್ಣಿಮೆಯ ದಿನ ಅವರು ನನ್ನ ಮನೆಯವಳಿಗೆ ಬಸುರಿಯ ಬಯಕೆಗೆಂದು ಒಂದು ಸೀರೆ ತಂದುಕೊಟ್ಟರು. ಬಿಳಿಯ ಮೈ, ಕೆಂಪು ದಡಿ. ಆ ಕೆಂಪು ನೋಡಿದರೆ ಕಣ್ಣು ತಂಪಾಗಬೇಕು. ಅವಳು ಒಂದು ದಿನ ಉಟ್ಟು, ಮರುದಿನ ಒಗೆಯಲು ನೆನೆ ಹಾಕಿದಳು. ಅದೇ ಬಾನಿಯಲ್ಲಿ ನನ್ನ ಎರಡು ಧೋತರ, ಅಂಗಿ, ಶಲ್ಯ. ಬಣ್ಣ ಹಿಡಿದು ನಿಲ್ಲಿಸುವ ಔಷಧ ಹಾಕಬೇಕೆಂಬುದು ನೇಕಾರರಿಗೆ ಗೊತ್ತಿದ್ದರೂ, ಕದ್ದ ಬಣ್ಣದ ಅವಸರದಲ್ಲಿ ಮರೆತಿದ್ದರು. ದಡಿ ಬಿಳಿಯಾಯಿತು, ಉಳಿದದ್ದೆಲ್ಲ ಕೆಂಪಾಯಿತು.

ಆವತ್ತು ಸೋಮವಾರ. ಮಠಕ್ಕೆ ಹೋಗದೆ ಇರುವುದು ನನ್ನಿಂದಾಗದ ಮಾತು. ಬೇರೆ ಧೋತರವಿರಲಿಲ್ಲ. ತಲೆ ತಗ್ಗಿಸಿಕೊಂಡು ಹೋಗಿ ಪಾದಕ್ಕೆ ನಮಸ್ಕರಿಸಿದೆ. ಮಠದ ಸ್ವಾಮಿಗಳಾದ ಅಜ್ಜನವರು ನನ್ನ ಧೋತರ ನೋಡಿದರು, ಶಲ್ಯ ನೋಡಿದರು, ಮೆಲ್ಲಗೆ ಕೇಳಿದರು.

"ವೈರಾಗ್ಯ ಬಂದದ್ದು ಛಲೋ ಆತಪಾ. ಬಸುರಿ ಹೆಣ್ಮಗಳಿಗೆ ಹೇಳಿ ಬಂದಿಯೋ, ಹಂಗ ಬಂದಿಯೋ?"

ತೊಟ್ಟಿಲಿಗೆ ತಂದ ಬುಟ್ಟಿ

ನನ್ನ ಮಾವನವರ ಊರು ಖಾನಾಪುರದಿಂದ ಮೂಡಲಕ್ಕೆ ಎರಡು ಹರದಾರಿ. ಆ ದಿಕ್ಕಿಗೆ ಮಳೆ ಕಡಿಮೆ, ಡಬ್ಬಗಳ್ಳಿ ಬಹಳ. ಮನೆಯವಳು ಬಾಣಂತನಕ್ಕೆ ಅಲ್ಲಿಗೆ ಹೋದಳು. ಶಿವನ ದಯದಿಂದ ಯುಗಾದಿಯ ಬೆನ್ನಿಗೇ ಹೆಣ್ಣು ಕೂಸು ಹುಟ್ಟಿತು.

ತೊಟ್ಟಿಲು ಹಾಕುವ ದಿನ ನನಗೆ ಅದೇ ಊರಿನ ಗಾಯರಾಣಕ್ಕೆ ಹುಳ ಹಚ್ಚುವ ಹುಕುಂ ಇತ್ತು. ಒಂದೇ ಪ್ರಯಾಣದಲ್ಲಿ ಎರಡು ಕೆಲಸ ಆಗಲೆಂದು ಬುಟ್ಟಿ ಸಮೇತ ಹೋದೆ. ಅಂಗಳದಲ್ಲಿ ಬುಟ್ಟಿ ಇಳಿಸಿ ಕಾಲು ತೊಳೆಯಲು ಹಿತ್ತಲಿಗೆ ಹೋದದ್ದೇ ತಡ, ಕೂಡಿದ ಹೆಣ್ಣುಮಕ್ಕಳು ಬುಟ್ಟಿಯನ್ನು ಒಳಗೆ ಒಯ್ದರು. ಬೆಳಗಾವಿಯಿಂದ ಅಳಿಯಂದಿರು ತಂದ ಬುಟ್ಟಿ. ಮೇಲೆ ಬಿಳಿ ಅರಿವೆ ಬೇರೆ ಬಿಗಿದಿದೆ. ಕೂಸಿಗೆ ಕುಂಚಿಗೆ, ಬಳಗಕ್ಕೆ ಪೇಢೆ ಇರಬೇಕೆಂದು ಬಿಚ್ಚಿದರು. ನಾನು ಬರುವ ಹೊತ್ತಿಗೆ ಬುಟ್ಟಿಯೊಳಗಿನ ಗಳ್ಳಿ ಹೊರಗೆ ಬಿದ್ದಿತ್ತು. ಓಣಿಯ ಒಬ್ಬ ಮುದುಕಿ, ನಮ್ಮತ್ತೆಗೆ ವರಸೆಯಲ್ಲಿ ಚಿಗವ್ವ, ಮುಳ್ಳು ಚುಚ್ಚಿದ ಬೆರಳನ್ನು ಬಾಯಲ್ಲಿಟ್ಟುಕೊಂಡು ಕುಳಿತಿದ್ದಳು. ನನ್ನನ್ನು ಕಂಡು ಬೆರಳು ಹೊರಗೆ ತೆಗೆದು, "ಬರ್ರಿ ಅಳಿಯಂದ್ರ, ಕುಂದರ್ರಿ. ಸಿಹಿ ಭಾಳ ಛಲೋ ಅದಾವ," ಎಂದಳು.

ಊಟವಾದ ಮೇಲೆ ಗಂಡಸರು ಸುತ್ತ ಕುಳಿತು ಹುಳದ ವಿಚಾರ ತೆಗೆದರು. ಗಳ್ಳಿ ತಿಂದು ಮುಗಿಸಿದ ಮೇಲೆ ನಮ್ಮ ಜೋಳ, ಮೆಣಸಿನಗಿಡ ತಿನ್ನುವುದಿಲ್ಲವೆಂದು ಯಾವ ಖಾತ್ರಿ ಎಂದರು. ಗಳ್ಳಿ ಸಿಗದಿದ್ದರೆ ಅದು ಉಪವಾಸ ಸಾಯುತ್ತದೆಯೇ ಹೊರತು ಬೇರೆ ಮುಟ್ಟುವುದಿಲ್ಲ ಎಂದೆ. ನಂಬಲಿಲ್ಲ. ಒಂದು ಪರಾತದಲ್ಲಿ ಹುಳ ಬಿಟ್ಟು ಸುತ್ತಲೂ ಜೋಳದ ಸಸಿ, ಮೆಣಸಿನೆಲೆ, ಬೆಲ್ಲ, ಹೋಳಿಗೆಯ ಚೂರು, ಕಡೆಗೆ ಒಂದು ಚಿಟಿಕೆ ತಂಬಾಕು ಸಹ ಇಟ್ಟು ನೋಡಿದರು. ನಾಲ್ಕು ದಿನದ ಮೇಲೆ ಹುಳವೆಲ್ಲ ಸತ್ತಿದ್ದವು. ಹೋಳಿಗೆ ಹಾಗೇ ಇತ್ತು. ಊರವರಿಗೆ ಹುಳದ ಮೇಲೆ ಎಲ್ಲಿಲ್ಲದ ಗೌರವ ಬಂತು. ಇಷ್ಟು ಮಡಿ ನಮ್ಮ ಅಳಿಯಂದಿರಿಗೂ ಇಲ್ಲ, ಅವರು ಹೋಳಿಗೆ ಏಳು ತಿಂದರು ಎಂದು ಮಾತಾಡಿಕೊಂಡರಂತೆ.

ಗಾಯರಾಣಕ್ಕೆ ಹುಳ ಹಚ್ಚಿ ಮುಗಿಸಿ ಹೊರಡುವ ಮುನ್ನ ನಾನು ಮಾವನವರಿಗೆ, ಐದು ತಿಂಗಳು ತುಂಬಿದ ಕೂಡಲೇ ತಾಯಿ-ಕೂಸನ್ನು ಕರೆದೊಯ್ಯಲು ಬರುತ್ತೇನೆಂದೆ. ಮಾವನವರು ತೊಟ್ಟಿಲು ತೂಗುತ್ತಿದ್ದವರು ಕೈ ನಿಲ್ಲಿಸಲಿಲ್ಲ.

"ನಿಮ್ಮ ನೌಕರಿ ಹಂಗಾಮಿ ಐತ್ರಿ. ನನ್ನ ಮಗಳು ಹಂಗಾಮಿ ಅಲ್ಲ. ಕಾಯಂ ಆದ ಹುಕುಂ ತಂದು ತೋರಸ್ರಿ, ಕರಕೊಂಡ ಹೋಗ್ರಿ."

ಮನೆಯವಳು ಬಾಗಿಲ ಹಿಂದೆ ನಿಂತು ಕೇಳಿದಳು. ತಂದೆಯ ಮುಂದೆ ನನ್ನೊಡನೆ ಮಾತಾಡಲಾಗದೆ, ಕೂಸಿನ ಕಡೆ ನೋಡಿ, "ನಿಮ್ಮಪ್ಪನ ಹುಳಕ್ಕ ಜಲ್ದಿ ತಿನ್ನಂತ ಹೇಳವಾ," ಎಂದಳು.

ಕಣಕುಂಬಿಯ ಆತಿಥ್ಯ

ಮೃಗಶಿರಾ ಮಳೆ ಬೀಳುವ ಮುಂಚೆ ಖಾನಾಪುರ ತಾಲೂಕಿನ ಎಲ್ಲ ಪಾಟೀಲರಿಗೂ ಕಚೇರಿಯಿಂದ ಒಂದೇ ಒಕ್ಕಣೆಯ ಹುಕುಂ ಹೋಯಿತು. ನಿಮ್ಮೂರಿಗೆ ಸರಕಾರದ ಹುಳ ಬರುತ್ತವೆ, ಡಬ್ಬಗಳ್ಳಿಯ ಜಾಗ ತೋರಿಸಲು ತಯಾರಿರಬೇಕು ಎಂದು. ಯಾವ ಊರಲ್ಲಿ ಗಳ್ಳಿ ಇದೆ, ಯಾವುದರಲ್ಲಿ ಇಲ್ಲ ಎಂದು ನೋಡುವ ಪುರಸೊತ್ತು ಯಾರಿಗಿತ್ತು? ಪಟ್ಟಿಯಲ್ಲಿ ಕಣಕುಂಬಿಯೂ ಬಂತು.

ಕಣಕುಂಬಿ ಎಂದರೆ ಗೋವೆಯ ಗಡಿಯ ಅಡವಿ. ನಾಲ್ಕು ತಿಂಗಳು ಮುಗಿಲು ಹರಿದಂತೆ ಮಳೆ. ಬಂಡೆಯ ಮೇಲೂ ಪಾಚಿ ಬೆಳೆಯುವ ಅಲ್ಲಿ ಒಣನೆಲದ ಗಳ್ಳಿ ಬದುಕುವುದು ಹೇಗೆ? ನಾನೂ ಅದನ್ನೇ ಕಾರಕೂನರಿಗೆ ಕೇಳಿದೆ. ಹುಕುಂ ಬಂದ ಮೇಲೆ ಕೇಳಬಾರದು ಎಂದರು. ಖಾನಾಪುರದಿಂದ ಚಕ್ಕಡಿ ಮಾಡಿಕೊಂಡು ಒಂದೂವರೆ ದಿನ ಕುಲುಕಾಡಿ ಹೋದೆ.

ಪಾಟೀಲರು ಊರ ಹೊರಗೇ ಬಂದು ಎದುರುಗೊಂಡರು. ಮನೆಮಾತು ಮರಾಠಿ, ನನ್ನೊಡನೆ ಕನ್ನಡ. ಡಬ್ಬಗಳ್ಳಿ ಇದೆಯೇ ಎಂದು ಕೇಳಿದೆ. ಇದೆ ಎಂದರು. ನನಗೆ ಆಶ್ಚರ್ಯ. ಮನೆಯ ಹಿಂದೆ ಕರೆದೊಯ್ದು ತೋರಿಸಿದರು. ಹನ್ನೆರಡು ಗಳ್ಳಿ, ಸಾಲಾಗಿ, ಗೇಣು ಗೇಣು ಅಂತರ, ಬುಡಕ್ಕೆ ಬೂದಿ-ಗೊಬ್ಬರ, ಮಳೆ ತಾಗದಂತೆ ಮೇಲೆ ಹುಲ್ಲಿನ ಚಪ್ಪರ. ನೋಡಿದರೆ ಎಲೆಬಳ್ಳಿಯ ತೋಟ ಎನ್ನಬೇಕು.

ಇವು ಇಲ್ಲಿ ಹೇಗೆ ಹುಟ್ಟಿದವೆಂದು ಕೇಳಿದಾಗ ಪಾಟೀಲರು ಸಂಕೋಚಪಟ್ಟರು. ಹುಕುಂ ಬಂದ ಕೂಡಲೇ ಊರೆಲ್ಲ ಹುಡುಕಿಸಿದರಂತೆ, ಒಂದೂ ಸಿಗಲಿಲ್ಲವಂತೆ. ಆಮೇಲೆ ಮೂಡಲ ಸೀಮೆಗೆ ಚಕ್ಕಡಿ ಕಳಿಸಿ ಬೇಡಿ ತರಿಸಿದರಂತೆ.

"ಖರೇ ಹೇಳ್ತೇನ್ರಿ," ಎಂದರು. "ಸಮುದ್ರ ದಾಟಿ ಬಂದ ಹುಳ, ನಮ್ಮೂರ ಮಟ ಬಂದು ಉಪವಾಸ ಹೋಗಬಾರ್ದು ನೋಡ್ರಿ."

ಹುಳ ಹಚ್ಚಿ, ಅವರ ಮನೆಯಲ್ಲಿ ಉಂಡು ಬಂದೆ. ಮುಂದಿನ ವಾರವೇ ಮಳೆ ಚಪ್ಪರವನ್ನೂ, ಹುಳವನ್ನೂ, ಹನ್ನೆರಡು ಗಳ್ಳಿಯನ್ನೂ ಕೂಡಿಯೇ ಹೊಳೆಗೆ ಒಯ್ದಿತು. ಪಾಟೀಲರು ಪ್ರಾಮಾಣಿಕರಾದ್ದರಿಂದ ಊರಲ್ಲಿ ಈಗ ಒಂದೂ ಗಳ್ಳಿ ಇಲ್ಲವೆಂದು ಕಚೇರಿಗೆ ಬರೆದರು. ಹೀಗಾಗಿ ಆ ವರ್ಷದ ವರದಿಯಲ್ಲಿ, ಡಬ್ಬಗಳ್ಳಿ ಬುಡಸಹಿತ ನಾಶವಾದ ತಾಲೂಕಿನ ಮೊದಲ ಊರೆಂದು ಕಣಕುಂಬಿಯನ್ನು ಹೊಗಳಲಾಯಿತು.

ತಪಾಸಣೆ

ಆದರೆ ಆ ಮಳೆ ನನ್ನನ್ನೂ ಬಿಡಲಿಲ್ಲ. ಕಚೇರಿಯ ಹಿತ್ತಲಲ್ಲಿ ಬೀಜಕ್ಕೆಂದು ಇಟ್ಟ ಹುಳವೆಲ್ಲ ಜಡಿಮಳೆಗೆ ತೊಳೆದು ಹೋದವು. ಕೂಸಿಗೆ ಐದು ತಿಂಗಳು ತುಂಬಿತು, ಆರು ತುಂಬಿತು. ಮಾವನವರು ಕರಾರು ಸಡಿಲಿಸಲಿಲ್ಲ. ದಸರೆ ಮುಗಿದ ಮೇಲೆ ಸಾಹೇಬರ ಹುಕುಂ ಬಂತು: ತಪಾಸಣೆಗೆ ಬರುತ್ತೇನೆ, ಊರು ಇಂಥದು ಎಂದು. ಅದು ನನ್ನ ಮಾವನವರ ಊರೇ.

ಮಾವನವರಿಗೆ ಒಂದು ಕಾಗದ ಹಾಕಿದೆ. ಗಾಯರಾಣದ ಗಳ್ಳಿ ಸತ್ತದ್ದನ್ನು ನೋಡಲು ಸಾಹೇಬರು ಬರುತ್ತಾರೆ, ನನ್ನ ಕಾಯಂ ಆಗುವುದು ಅದರ ಮೇಲೆಯೇ ನಿಂತಿದೆ ಎಂದು ಬರೆದೆ. ಅಷ್ಟೇ ಬರೆದದ್ದು ನನ್ನ ತಪ್ಪು.

ನಾನು ಸಾಹೇಬರೊಡನೆ ಮೋಟಾರಿನಲ್ಲಿ ಹೋಗಿ ಇಳಿದಾಗ ಊರೇ ಗಾಯರಾಣದ ಅಂಚಿಗೆ ಕೂಡಿತ್ತು. ಮಾವನವರು ಹೊಸ ರುಮಾಲು ಸುತ್ತಿ ಮುಂದೆ ನಿಂತಿದ್ದರು. ಗಾಯರಾಣ ಸಾರಿಸಿದ ಅಂಗಳದಂತೆ ಚೊಕ್ಕ. ಅಲ್ಲಲ್ಲಿ ಕರೀ ಬೂದಿ.

ಸಾಹೇಬರು, ಗಳ್ಳಿ ಎಲ್ಲಿ ಎಂದು ಕೇಳಿದರು. ಇಲ್ಲ ಎಂದರು ಮಾವನವರು. ಹಾಗಾದರೆ ಹುಳ ಎಲ್ಲಿ ಎಂದರು ಸಾಹೇಬರು.

"ಅವೂ ಇಲ್ರಿ ಸಾಹೇಬ್ರ. ಅಳಿಯಂದ್ರ ಕೆಲಸದಾಗ ಕಸರು ಕಾಣಬಾರ್ದಂತ, ಊರ ಮಂದಿ ಎಲ್ಲಾ ಕೂಡಿ ಒಂದ ವಾರ ಕಡದು ಸುಟ್ಟು, ಎರಡೂ ಚೊಕ್ಕ ಮಾಡೇವ್ರಿ."

ಸಾಹೇಬರು ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡರು. ಅವರು ಬಂದದ್ದು ಸತ್ತ ಗಳ್ಳಿ ನೋಡುವುದಕ್ಕೆ ಮಾತ್ರವಲ್ಲ. ಬೆಳಗಾವಿಯ ಬೀಜದ ಹುಳ ಹೋಗಿದ್ದರಿಂದ ಇಲ್ಲಿಯ ಹುಳ ತೆಗೆದುಕೊಂಡು ಹೋಗಿ ಬೇರೆ ತಾಲೂಕುಗಳಿಗೆ ಹಂಚಬೇಕೆಂದು ಹತ್ತು ಖಾಲಿ ಬುಟ್ಟಿ ತಂದಿದ್ದರು. ನನ್ನ ಕಡೆ ತಿರುಗಿ, ಒಂದೇ ಒಂದು ಹುಳ ಇದ್ದರೂ ತೋರಿಸು ಎಂದರು. ನಾನು ಬೂದಿ ಕೆದಕಿ ನೋಡಿದೆ. ಮಾವನವರಿಗೆ ಏನೋ ಎಡವಟ್ಟಾಯಿತೆಂದು ತಿಳಿದು ರುಮಾಲು ಕೈಗೆ ಬಂತು. ದೂರದಲ್ಲಿ ಮನೆಯವಳು ಕೂಸನ್ನೆತ್ತಿಕೊಂಡು ನಿಂತಿದ್ದಳು. ಗಂಟು ಕಟ್ಟಿಟ್ಟು ಬಂದಿದ್ದಳೆಂದು ಆಮೇಲೆ ತಿಳಿಯಿತು.

ಸಾಹೇಬರು ಮೋಟಾರಿನತ್ತ ಹೆಜ್ಜೆ ಹಾಕಿದರು. ಆಗ ಗುಂಪನ್ನು ಕೋಲಿನಿಂದ ಸರಿಸುತ್ತ, ತೊಟ್ಟಿಲ ದಿನ ಬೆರಳು ಚುಚ್ಚಿಸಿಕೊಂಡ ಆ ಓಣಿಯ ಮುದುಕಿ ಅಡ್ಡ ಬಂದು ನಿಂತಳು. ಸರಕಾರದವರು ಬಂದಿದ್ದಾರೆ, ತನ್ನದೊಂದು ಫಿರ್ಯಾದು ಇದೆ ಎಂದಳು. ಊರ ಗಂಡಸರಿಗೆ ದೇವರ ಭಯವಿಲ್ಲ. ಮೊನ್ನೆ ಕುಡಗೋಲು ಹಿಡಿದು ತನ್ನ ಹಿತ್ತಲಿಗೂ ನುಗ್ಗಿದ್ದರು. ಮೂರು ದಿನ ಕೋಲು ಹಿಡಿದು ಬಾಗಿಲಲ್ಲಿ ಕುಳಿತು ಕಾದಿದ್ದೇನೆ ಎಂದಳು. ಏನನ್ನು ಕಾದೆ ಎಂದು ಸಾಹೇಬರು ಕೇಳಿದರು.

"ನಮ್ಮ ಗಳ್ಳಿಗೆ ಅಮ್ಮ ಬಂದಾಳ್ರೀ ಯಪ್ಪಾ. ಮೈತುಂಬ ಬೆಳ್ಳಗ ಗುಳ್ಳಿ ಎದ್ದಾವ. ಅಂಥಾದ್ದಕ್ಕ ಕುಡಗೋಲ ಹಚ್ಚತಾರೇನ್ರಿ ಯಾರರೆ?"

ಸಾಹೇಬರಿಗೆ ಅರ್ಥವಾಗಲಿಲ್ಲ. ಮೈಲಿಬೇನೆ, ಅಂದರೆ ಸಿಡುಬು, ಬಂದರೆ ನಮ್ಮಲ್ಲಿ ಅಮ್ಮ ಬಂದಳೆನ್ನುತ್ತಾರೆಂದು ನಾನು ತಿಳಿಸಿ ಹೇಳುತ್ತಿರುವಾಗಲೇ ಆ ಬಿಳಿ ಗುಳ್ಳೆ ಯಾವುದೆಂದು ನನಗೆ ಹೊಳೆಯಿತು. ಇಬ್ಬರೂ ಆಕೆಯ ಹಿತ್ತಲಿಗೆ ಓಡಿದೆವು. ಸಾಹೇಬರು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ದನದ ಕೊಟ್ಟಿಗೆಯ ಸೂರಿನ ಕೆಳಗೆ, ಮಳೆ ತಾಗದ ಜಾಗದಲ್ಲಿ, ಆಳೆತ್ತರದ ಗಳ್ಳಿಯ ಬೇಲಿ. ಗಾಳಿಗೆ ಬಂದೋ ದನದ ಮೈಗೆ ಹತ್ತಿಯೋ ಹುಳ ತಾವಾಗಿ ಅಲ್ಲಿ ಸೇರಿದ್ದವು. ಎಲೆಯೇ ಕಾಣದಂತೆ ಬೆಳ್ಳಗೆ ಮುತ್ತಿದ್ದವು. ಮುಂದೆ ಬೇವಿನ ತೋರಣ, ಅರಿಷಿಣ-ಕುಂಕುಮ, ಬಾಳೆಲೆಯಲ್ಲಿ ವಾರಕ್ಕೆರಡು ಸಲ ಇಡುವ ಮೊಸರನ್ನ. ಅಮ್ಮ ಬಂದ ಮನೆಯ ಕಟ್ಟಳೆಯಂತೆ ಮುದುಕಿ ಹೊರಗಿನವರನ್ನು ಒಳಗೆ ಬಿಟ್ಟಿರಲಿಲ್ಲ, ಕೋಳಿ ಹಾಯಗೊಟ್ಟಿರಲಿಲ್ಲ, ಮಳೆಗಾಲ ಪೂರ್ತಿ ಒಗ್ಗರಣೆ ಹಾಕಿಸಿರಲಿಲ್ಲ. ಆಕೆಯ ಸೊಸೆ ಸಾಹೇಬರಿಗೆ ಕೈಮುಗಿದು, ಅಮ್ಮನನ್ನು ಎಲ್ಲಿಗಾದರೂ ಒಯ್ಯಿರಿ, ಒಗ್ಗರಣೆಯ ವಾಸನೆ ಮರೆತೇಹೋಗಿದೆ ಎಂದಳು. ಅಮ್ಮನನ್ನು ಗೌರವದಿಂದ ಕಳಿಸಿಕೊಡುವುದಾದರೆ ಆಗಲೆಂದು ಮುದುಕಿಯೂ ಒಪ್ಪಿದಳು. ಹತ್ತು ಬುಟ್ಟಿಯೂ ತುಂಬಿದವು.

ಸಾಹೇಬರು ನನ್ನ ಬೆನ್ನು ತಟ್ಟಿ, ಎಲ್ಲೂ ಉಳಿಯದ ಹುಳ ಇಲ್ಲಿ ಹೇಗೆ ಉಳಿದವು, ಒಂದನ್ನೂ ಬಿಡದೆ ಬರೆದು ಕೊಡು ಎಂದರು. ನಾನು ಬಿಡುವವನಲ್ಲ. ಸೂರು, ತೋರಣ, ಕೋಳಿ, ವಾರ, ನೈವೇದ್ಯ ಎಲ್ಲವನ್ನೂ ಬರೆದು ಕೊಟ್ಟೆ. ಹಿರಿಯ ಕಾರಕೂನರು ಅದನ್ನು ಹಾಗೇ ಹುಕುಮಿಗೆ ನಕಲು ಮಾಡಿದರು. ಸಾಹೇಬರು ಅವಸರದಲ್ಲಿ ಸಹಿ ಹಾಕಿದರು.

ಹದಿನೈದು ದಿನಕ್ಕೆ ಕಾಯಂ ಹುಕುಂ ಬಂತು. ಹಿಡಿದುಕೊಂಡು ಮಾವನವರ ಮುಂದೆ ಹೋಗಿ ನಿಂತೆ. ಅವರು ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದರು. ಸದರಿ ನೌಕರನನ್ನು ಕಾಯಂ ಮಾಡಲಾಗಿದೆ. ಬೆಳಗಾವಿಯಲ್ಲಿ ಹುಳದ ಬೀಜವನ್ನು ಸದರಿ ಹಳ್ಳಿಯ ಪದ್ಧತಿಯಂತೆಯೇ ಅವನು ಕಾಪಾಡತಕ್ಕದ್ದು. ಸೂರಿನ ಕೆಳಗೆ ಇಡತಕ್ಕದ್ದು. ಬೇವಿನ ತೋರಣ ಕಟ್ಟತಕ್ಕದ್ದು. ಮಂಗಳವಾರ ಮತ್ತು ಶುಕ್ರವಾರ ತಪ್ಪದೆ ಮೊಸರನ್ನ ಇಡತಕ್ಕದ್ದು.

ಮಾವನವರು ಕೊನೆಯ ಸಾಲನ್ನು ಮತ್ತೊಮ್ಮೆ ಮನಸ್ಸಿನಲ್ಲೇ ಓದಿದರು. ಕಾಗದ ಮಡಚಿ ನನ್ನ ಕೈಗಿಟ್ಟು ಕೇಳಿದರು.

"ಮೊಸರನ್ನ ಮಾಡಾಕ ಬರತದೇನ್ರಿ ನಿಮಗ?"

ಬರುವುದಿಲ್ಲವೆಂದು ಇದ್ದದ್ದನ್ನು ಹೇಳಿದೆ. ಅವರು ಒಳಗಿನ ಬಾಗಿಲಿನ ಕಡೆ ಮುಖ ಮಾಡಿದರು.

"ಗಂಟು ಕಟ್ಟವಾ ಮಗಳ. ನಾಳೆ ಮಂಗಳವಾರ, ಸರಕಾರದ ಕೆಲಸ ನಿಂತೀತು."